ನೀಲಿ ಇನ್‌ಹೇಲರ್ ಮೇಲೆ ಯಾಕೆ ಅನುಮಾನ?

ಅಸ್ತಮಾಕ್ಕೆ ಯಾವ ಔಷಧಿ, ಎಷ್ಟು, ಯಾವಾಗ ಅಂತ ಜಗತ್ತಿನ ವೈದ್ಯರಿಗೆ ಸಲಹೆ ಕೊಡುವ 'ಜೀನಾ' ಎಂಬ ತಜ್ಞರ ಸಂಸ್ಥೆಯೊಂದಿದೆ. 2019ರ ಏಪ್ರಿಲ್‌ನಲ್ಲಿ ಅದು ಐವತ್ತು ವರ್ಷದ ರೂಢಿಯೊಂದನ್ನು ಕೈಬಿಟ್ಟಿತು. ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಇನ್‌ಹೇಲರ್ ಒಂದನ್ನೇ ಕೊಟ್ಟು ಕಳಿಸಬೇಡಿ ಎಂದಿತು. ಉಬ್ಬಸ ಇರುವ ಮನೆಯವರಿಗೆಲ್ಲ ಗೊತ್ತಿರುವ ಪಂಪ್ ಅದು. ಎಷ್ಟೋ ದೇಶಗಳಲ್ಲಿ ನೀಲಿ ಬಣ್ಣದಲ್ಲಿ ಬರುತ್ತದೆ. ದಮ್ಮು ಹತ್ತಿದಾಗ ಎರಡು ಪಫ್ ಎಳೆದುಕೊಂಡರೆ ಐದು ನಿಮಿಷದಲ್ಲಿ ಎದೆ ಹಗುರ. ಇಷ್ಟು ಬೇಗ ಆರಾಮ ಕೊಡುವ ಔಷಧಿಯ ಮೇಲೆ ತಜ್ಞರಿಗೆ ಏನು ಸಿಟ್ಟು?

ಆರಾಮ ಬೇಗ ಸಿಗುತ್ತದೆ ಅನ್ನುವುದೇ ಇಲ್ಲಿ ತೊಂದರೆ.

ಅಸ್ತಮಾ ಇರುವವರ ಶ್ವಾಸನಾಳದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ನಾಳದ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಎದೆಯಲ್ಲಿ ಸುಂಯ್ ಅನ್ನುವ ಸದ್ದು ಬರುವುದು ಹೀಗೆ. ಇನ್ನೊಂದು ಕಡೆ ನಾಳದ ಒಳಗೋಡೆ ಊದಿಕೊಂಡಿರುತ್ತದೆ, ಅಂಟು ಕಫ ಕಟ್ಟಿರುತ್ತದೆ. ಮನೆಯ ಧೂಳು, ಹೂವಿನ ಪರಾಗ, ಜಿರಳೆಯ ಹಿಕ್ಕೆ, ಹಾಸಿಗೆಯಲ್ಲಿ ಕಣ್ಣಿಗೆ ಕಾಣದಂತೆ ಬದುಕುವ ಹುಳ, ಇಂಥವನ್ನೆಲ್ಲ ದೇಹ ಶತ್ರು ಅಂದುಕೊಂಡು ಕಾದಾಟಕ್ಕೆ ಇಳಿದಿರುತ್ತದೆ. ಬಹಳ ಜನರಲ್ಲಿ ಈ ಕಾದಾಟಕ್ಕೆ ಬರುವ ಸೈನ್ಯ ಇಯೋಸಿನೊಫಿಲ್ ಎಂಬ ಬಿಳಿರಕ್ತಕಣಗಳು. ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಈ ಹೆಸರು ನೋಡಿರುತ್ತೀರಿ.

ಊತ ಸದ್ದು ಮಾಡುವುದಿಲ್ಲ. ಎದೆ ಹಗುರವಾಗಿರುವ ದಿನವೂ ಅದು ಒಳಗೆ ಇರಬಹುದು. ಸಾಲ್ಬುಟಮಾಲ್ ಸಡಿಲಿಸುವುದು ಸ್ನಾಯುವನ್ನು ಮಾತ್ರ. ಊತದ ತಂಟೆಗೆ ಹೋಗುವುದಿಲ್ಲ. ನಾಲ್ಕರಿಂದ ಆರು ಗಂಟೆ ಕಳೆದರೆ ಅದರ ಕೆಲಸ ಮುಗಿಯಿತು. ಒಂದೆರಡು ವಾರ ಬಿಡದೆ ಬಳಸಿದರೆ ಸಾಕು, ಶ್ವಾಸನಾಳ ಅದಕ್ಕೆ ಮೊದಲಿನಷ್ಟು ಬಗ್ಗುವುದಿಲ್ಲ, ಧೂಳಿಗೆ ಇನ್ನೂ ಜಾಸ್ತಿ ಕೆರಳುತ್ತದೆ.

ಇದು ನಿನ್ನೆ ಮೊನ್ನೆ ಗೊತ್ತಾದದ್ದೂ ಅಲ್ಲ. ಒತ್ತಿದರೆ ಔಷಧಿ ಚಿಮ್ಮುವ ಪಂಪ್ ಹುಟ್ಟಿದ್ದೇ 1950ರ ದಶಕದ ಅಮೆರಿಕದಲ್ಲಿ. ರೈಕರ್ ಎಂಬ ಔಷಧಿ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಅಸ್ತಮಾ. ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ ಥರ ನನ್ನ ಔಷಧಿ ಯಾಕೆ ಬರಬಾರದು ಅಂತ ಅವಳು ಅಪ್ಪನನ್ನು ಕೇಳಿದಳಂತೆ. 1956ರಲ್ಲಿ ಪಂಪ್ ಮಾರುಕಟ್ಟೆಗೆ ಬಂತು. ಹತ್ತು ವರ್ಷವೂ ಕಳೆದಿರಲಿಲ್ಲ, ಬ್ರಿಟನ್ನಿನಲ್ಲಿ ಅಸ್ತಮಾ ಇದ್ದ ಹುಡುಗ ಹುಡುಗಿಯರ ಸಾವು ಏರತೊಡಗಿತು. ಐಸೊಪ್ರಿನಲಿನ್ ಎಂಬ ಔಷಧಿಯ ಗಾಢ ಪಂಪ್ ಮಾರಾಟವಾದ ಕಡೆಯೇ ಈ ಏರಿಕೆ ಕಂಡಿತು. ಅದು ಹೃದಯವನ್ನೂ ಓಡಿಸುತ್ತಿತ್ತು. 1969ರಲ್ಲಿ ಇಂಗ್ಲೆಂಡಿನ ಡೇವಿಡ್ ಜ್ಯಾಕ್ ತಂಡದ ಸಾಲ್ಬುಟಮಾಲ್ ಬಂದಾಗ ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಇದು ಹೃದಯದ ಮೇಲೆ ಅಷ್ಟು ಜೋರು ಮಾಡುತ್ತಿರಲಿಲ್ಲ.

1976ರಲ್ಲಿ ನ್ಯೂಜಿಲೆಂಡಿಗೆ ಫೆನೊಟೆರಾಲ್ ಎಂಬ ಇನ್ನೊಂದು ಪಂಪ್ ಬಂತು. ಒಂದು ಪಫ್‌ನಲ್ಲಿ 200 ಮೈಕ್ರೊಗ್ರಾಂ, ಸಾಲ್ಬುಟಮಾಲ್‌ನ ಎರಡರಷ್ಟು. ಅದೇ ಹೊತ್ತಿಗೆ ಆ ಪುಟ್ಟ ದೇಶದಲ್ಲಿ ಅಸ್ತಮಾ ಸಾವುಗಳು ಜಗತ್ತಿನಲ್ಲೇ ಹೆಚ್ಚು ಅನ್ನುವ ಮಟ್ಟಕ್ಕೆ ಏರಿದವು. ವೆಲಿಂಗ್ಟನ್ನಿನ ಕೆಲವು ಯುವ ಸಂಶೋಧಕರು ಸತ್ತವರ ದಾಖಲೆ ಕೆದಕಿದರು. ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್, ರಿಚರ್ಡ್ ಬೀಸ್ಲಿ ಆ ತಂಡದಲ್ಲಿದ್ದರು. ಫೆನೊಟೆರಾಲ್‌ಗೂ ಸಾವಿಗೂ ನಂಟು ಕಂಡಿತು. 1989ರಲ್ಲಿ ಲೇಖನ ಅಚ್ಚಾಗುವ ಮೊದಲೇ ಕಂಪನಿಯಿಂದಲೂ ಹಿರಿಯ ವೈದ್ಯರಿಂದಲೂ ವಿರೋಧ ಬಂತು. ಕಾಯಿಲೆ ಜೋರಾಗಿದ್ದವರೇ ಗಾಢ ಪಂಪ್ ಬಳಸಿದ್ದಾರೆ, ಸತ್ತದ್ದು ಕಾಯಿಲೆಯಿಂದ, ಔಷಧಿಯಿಂದಲ್ಲ ಅನ್ನುವುದು ಅವರ ವಾದ. ತಳ್ಳಿಹಾಕುವ ವಾದವೇನಲ್ಲ ಅದು. ಆದರೆ ಸರ್ಕಾರ ಫೆನೊಟೆರಾಲ್‌ಗೆ ಕಡಿವಾಣ ಹಾಕಿದ್ದೇ ತಡ, ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ನನಗೆ ಬೇಸರ ತರಿಸುವುದು ಇದರ ಮುಂದಿನ ಭಾಗ. ಫೆನೊಟೆರಾಲ್ ಕೆಟ್ಟದ್ದು ಅಂತ ಎಲ್ಲರೂ ಒಪ್ಪಿದರು, ಅಲ್ಲಿಗೆ ಕಡತ ಮುಚ್ಚಿತು. ಊತಕ್ಕೆ ಔಷಧಿ ಕೊಡದೆ ಬರೀ ಸ್ನಾಯು ಸಡಿಲಿಸುವುದು ಸರಿಯಾ ಎಂಬ ದೊಡ್ಡ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಊತ ಇಳಿಸುವ ಸ್ಟೀರಾಯ್ಡ್ ಇನ್‌ಹೇಲರ್ 1970ರ ದಶಕದಿಂದಲೇ ಇತ್ತು. ಅದು ಜೀವ ಉಳಿಸುತ್ತದೆ ಎಂಬುದಕ್ಕೆ 2000ನೇ ಇಸವಿಯಲ್ಲಿ ಕೆನಡಾದಿಂದ ಪುರಾವೆಯೂ ಬಂತು. ಸುಮಾರು 30 ಸಾವಿರ ರೋಗಿಗಳ ದಾಖಲೆ ನೋಡಿದಾಗ, ವರ್ಷದಲ್ಲಿ ಬಳಸಿದ ಪ್ರತಿ ಹೆಚ್ಚುವರಿ ಸ್ಟೀರಾಯ್ಡ್ ಡಬ್ಬಿಗೆ ಸಾವಿನ ಪ್ರಮಾಣ ಶೇ 21ರಷ್ಟು ತಗ್ಗಿತ್ತು. 2014ರಲ್ಲಿ ಬ್ರಿಟನ್ನಿನಲ್ಲಿ ಅಸ್ತಮಾದಿಂದ ಸತ್ತವರ ದಾಖಲೆಗಳನ್ನು ತೆಗೆದು ನೋಡಿದರು. ಆರಾಮ ಕೊಡುವ ಪಂಪ್ ಎಷ್ಟು ಪಡೆದಿದ್ದರು ಎಂಬ ಲೆಕ್ಕ ಸಿಕ್ಕವರಲ್ಲಿ ಶೇ 39 ಮಂದಿ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ಪಡೆದಿದ್ದರು. ಕೆಲವರು 50ಕ್ಕಿಂತ ಹೆಚ್ಚು!

ಹಾಗಾದರೆ ಎಲ್ಲರಿಗೂ ದಿನವೂ ಸ್ಟೀರಾಯ್ಡ್ ಪಂಪ್ ಬರೆದುಕೊಟ್ಟರೆ ಆಯಿತಲ್ಲ? ಬರೆದುಕೊಡುತ್ತಲೇ ಇದ್ದರು. ಜನ ತೆಗೆದುಕೊಳ್ಳುತ್ತಿರಲಿಲ್ಲ. ಚೆನ್ನಾಗಿರುವ ದಿನ ಔಷಧಿ ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಸ್ಟೀರಾಯ್ಡ್ ಎಳೆದುಕೊಂಡ ತಕ್ಷಣ ಏನೂ ಆದಂತೆ ಅನ್ನಿಸುವುದಿಲ್ಲ. ನೀಲಿ ಪಂಪ್ ಹಾಗಲ್ಲ, ಫಲ ಕೂಡಲೇ ಗೊತ್ತಾಗುತ್ತದೆ. ಅದೂ ಅಲ್ಲದೆ ವೈದ್ಯರ ಮಾತೇ ಎರಡು ಥರ ಇತ್ತು. ಕಾಯಿಲೆ ಕಡಿಮೆ ಇದ್ದಾಗ "ಬೇಕಾದಾಗ ಇದನ್ನು ಎಳೆದುಕೊಳ್ಳಿ" ಎನ್ನುತ್ತಿದ್ದರು. ಜಾಸ್ತಿಯಾದಾಗ "ಅದನ್ನು ನೆಚ್ಚಿಕೊಳ್ಳಬೇಡಿ" ಎಂದು ಬೈಯುತ್ತಿದ್ದರು.

ಪರಿಹಾರ ಬಂದದ್ದು ಜನರ ಈ ಸ್ವಭಾವವನ್ನೇ ಬಳಸಿಕೊಂಡು. ಆರಾಮ ಕೊಡುವ ಔಷಧಿಯ ಜೊತೆಗೇ ಸ್ಟೀರಾಯ್ಡ್ ಬೆರೆಸಿ ಒಂದೇ ಪಂಪಿನಲ್ಲಿ ಇಟ್ಟರೆ? ದಮ್ಮು ಹತ್ತಿದಾಗಲೆಲ್ಲ ಊತದ ಔಷಧಿಯೂ ತಾನಾಗಿ ಒಳಗೆ ಹೋಗುತ್ತದೆ. ಊತ ಜಾಸ್ತಿಯಾದಷ್ಟೂ ಪಫ್ ಜಾಸ್ತಿ, ಸ್ಟೀರಾಯ್ಡ್ ಕೂಡ ಜಾಸ್ತಿ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಫಾರ್ಮೊಟೆರಾಲ್ ಎಂಬ ಆರಾಮದ ಔಷಧಿ ಸೇರಿದ ಇಂಥ ಪಂಪನ್ನು 2018ರ 'ಸಿಗ್ಮಾ' ಅಧ್ಯಯನಗಳಲ್ಲಿ ಕಾಯಿಲೆ ಕಡಿಮೆ ಇದ್ದ ಸಾವಿರಾರು ಜನರ ಮೇಲೆ ನೋಡಿದರು. ಬರೀ ಆರಾಮದ ಪಂಪ್ ಬಳಸಿದವರಿಗಿಂತ ತೀವ್ರ ದಾಳಿಗಳು ಶೇ 64ರಷ್ಟು ಕಡಿಮೆ. ದಿನವೂ ಸ್ಟೀರಾಯ್ಡ್ ಎಳೆದುಕೊಳ್ಳುವ ಗುಂಪಿಗೆ ಹೋಲಿಸಿದರೆ ಇವರ ದೇಹಕ್ಕೆ ಹೋದ ಸ್ಟೀರಾಯ್ಡ್ ಶೇ 17 ಮಾತ್ರ. ಮರುವರ್ಷ ನ್ಯೂಜಿಲೆಂಡಿನ ತಂಡವೊಂದು ಸಾಲ್ಬುಟಮಾಲ್ ಜೊತೆಗೇ ನೇರ ಹೋಲಿಕೆ ಮಾಡಿತು. ದಾಳಿಗಳು ಅರ್ಧಕ್ಕೆ ಇಳಿದಿದ್ದವು. ಆ ತಂಡದ ಮುಖ್ಯಸ್ಥರು ಯಾರು ಗೊತ್ತಾ? ಮೂವತ್ತು ವರ್ಷದ ಹಿಂದೆ ಫೆನೊಟೆರಾಲ್ ಕಡತ ಕೆದಕಿದ ಅದೇ ಬೀಸ್ಲಿ. 2025ರಲ್ಲಿ 5ರಿಂದ 15 ವರ್ಷದ ಮಕ್ಕಳ ಮೇಲಿನ ಅಧ್ಯಯನವೂ ಅಲ್ಲಿಂದಲೇ ಬಂತು. ಮಕ್ಕಳಲ್ಲೂ ದಾಳಿ ಶೇ 45ರಷ್ಟು ಕಡಿಮೆಯಾಗಿತ್ತು.

ನಮ್ಮ ದೇಶದ ತೊಂದರೆ ಇದಕ್ಕೂ ಒಂದು ಹೆಜ್ಜೆ ಹಿಂದೆ ಇದೆ. 2019ರ ಅಂದಾಜಿನಂತೆ ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಭಾರತದವರು, ಸಾವುಗಳಲ್ಲಿ ಸುಮಾರು ಶೇ 42. ಮೈಸೂರೂ ಸೇರಿ ಒಂಬತ್ತು ಊರುಗಳಲ್ಲಿ ನಡೆದ ದೊಡ್ಡ ಸಮೀಕ್ಷೆ ಇದರ ಕಾರಣವನ್ನು ಬಿಡಿಸಿ ತೋರಿಸುತ್ತದೆ. ಉಬ್ಬಸದ ಲಕ್ಷಣ ಇದ್ದವರಲ್ಲಿ ಶೇ 82 ಮಂದಿಗೆ ಅಸ್ತಮಾ ಇದೆ ಅಂತ ಪತ್ತೆಯೇ ಆಗಿರಲಿಲ್ಲ. ದಿನವೂ ಸ್ಟೀರಾಯ್ಡ್ ಪಂಪ್ ಬಳಸುತ್ತಿದ್ದವರು ಶೇ 2.5ಕ್ಕಿಂತ ಕಡಿಮೆ. ಅಲರ್ಜಿ ಕೆಮ್ಮು, ವೀಜಿಂಗ್, ಕಫದ ಪ್ರಕೃತಿ ಅಂತ ನಾವು ಇದಕ್ಕೆ ಬೇರೆ ಬೇರೆ ಹೆಸರಿಟ್ಟು ಸುಮ್ನೆ ದಿನ ತಳ್ಳುತ್ತೇವೆ. ಮದುವೆಯ ವಯಸ್ಸಿನ ಮಕ್ಕಳಿದ್ದರಂತೂ ಅಸ್ತಮಾ ಅನ್ನುವ ಮಾತೇ ಬಾಯಿಗೆ ಬರಬಾರದು. ಮೃಗಶಿರಾ ಮಳೆ ಹುಟ್ಟಿದ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿ ಬರುತ್ತಾರೆ, ಪಂಪ್ ಮಾತ್ರ ಬೇಡ. ಪಂಪ್ ಹಿಡಿದರೆ ಚಟ ಆಗುತ್ತದಂತೆ.

ಮಾತ್ರೆಗೆ ಈ ಹೆದರಿಕೆ ಇಲ್ಲ ನೋಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಲ್ಬುಟಮಾಲ್ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿ. 4 ಮಿಲಿಗ್ರಾಂ ಅಂತ ಇರುತ್ತದೆ. ಪಂಪಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೊಗ್ರಾಂ. ಒಂದು ಮಾತ್ರೆ ಅಂದರೆ 40 ಪಫ್! ಅಷ್ಟೂ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಕೈ ನಡುಗಿಸಿ, ಎದೆ ಹೊಡೆದುಕೊಳ್ಳುವಂತೆ ಮಾಡಿ, ಆಮೇಲೆ ಉಳಿದದ್ದು ಶ್ವಾಸನಾಳಕ್ಕೆ. ಸ್ಟೀರಾಯ್ಡ್ ಕಥೆಯೂ ಇದೇ. ಪಂಪಿನ ಸ್ಟೀರಾಯ್ಡ್‌ಗೆ ಹೆದರಿ ಬಿಟ್ಟವರು ದಾಳಿ ಬಂದಾಗ ಸ್ಟೀರಾಯ್ಡ್ ಮಾತ್ರೆಯನ್ನೇ ನುಂಗಬೇಕಾಗುತ್ತದೆ. ಜೀವಮಾನದಲ್ಲಿ ಅಂಥ ನಾಲ್ಕೈದು ಸುತ್ತು ಮಾತ್ರೆಯಾದರೆ ಸಕ್ಕರೆ ಕಾಯಿಲೆ, ಮೂಳೆ ಸವೆತದ ಅಪಾಯ ಏರತೊಡಗುತ್ತದೆ.

ನೀವು ಪಂಪ್ ಬಳಸುವವರಾದರೆ ಒಂದು ಲೆಕ್ಕ ಹಾಕಿ. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತದೆ. ವರ್ಷಕ್ಕೆ ಸಾಲ್ಬುಟಮಾಲ್‌ನ ಮೂರು ಡಬ್ಬಿ ಖಾಲಿಯಾಗುತ್ತಿದ್ದರೆ ದಾಳಿಯ ಅಪಾಯ ಜಾಸ್ತಿ ಎಂದೇ ಅರ್ಥ, ಡಾಕ್ಟರ ಹತ್ತಿರ ಹೋಗಬೇಕು. ಇನ್ನೊಂದು ಎಚ್ಚರಿಕೆ. ಸ್ಟೀರಾಯ್ಡ್ ಬೆರೆತ ಎಲ್ಲ ಪಂಪನ್ನೂ ಬೇಕೆಂದಾಗ ಎಳೆದುಕೊಳ್ಳುವಂತಿಲ್ಲ. ಫಾರ್ಮೊಟೆರಾಲ್ ಇರುವುದು ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತದೆ. ಸಾಲ್ಮೆಟೆರಾಲ್ ಇರುವುದು ನಿಧಾನ, ದಿನಕ್ಕೆ ಎರಡೇ ಸಲ, ದಮ್ಮು ಹತ್ತಿದಾಗ ಅದು ನೆರವಿಗೆ ಬರುವುದಿಲ್ಲ. ಎರಡರ ಹೆಸರೂ ಕೇಳಲು ಒಂದೇ ಥರ, ಡಬ್ಬಿಯ ಮೇಲೆ ಅಚ್ಚಾಗಿರುವುದು ಸಣ್ಣ ಅಕ್ಷರದಲ್ಲಿ. ನಿಮ್ಮದರಲ್ಲಿ ಯಾವುದಿದೆ, ದಿನಕ್ಕೆ ಎಷ್ಟು ಪಫ್ ಮೀರಬಾರದು ಅಂತ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಇರುವ ನೀಲಿ ಪಂಪನ್ನು ಎಸೆಯಬೇಡಿ. ತೀವ್ರ ದಮ್ಮಿನಲ್ಲಿ ಆಸ್ಪತ್ರೆಯವರು ನೆಬ್ಯುಲೈಸರ್‌ಗೆ ಹಾಕುವುದು ಈಗಲೂ ಸಾಲ್ಬುಟಮಾಲನ್ನೇ.