ಜಾನ್ ಕಜಾಲ್ ನಟಿಸಿದ ಐದು ಚಿತ್ರಗಳಿಗೂ ಆಸ್ಕರ್ ಬಂದಿದೆಯೇ?

ಪ್ರಶ್ನೆ: ಒಬ್ಬ ನಟ ಜೀವಮಾನದಲ್ಲಿ ಮಾಡಿದ್ದು ಐದೇ ಸಿನಿಮಾ, ಐದಕ್ಕೂ ಆಸ್ಕರ್ ಬಂತು ಎಂದು ಒಂದು ವಿಡಿಯೊದಲ್ಲಿ ನೋಡಿದೆ. ‘ಗಾಡ್‌ಫಾದರ್’ನಲ್ಲಿ ಫ್ರೆಡೊ ಪಾತ್ರ ಮಾಡಿದವರಂತೆ. ಇದು ನಿಜವೇ?

ಉತ್ತರ: ನಿಜವಲ್ಲ. ಈ ಪ್ರಶ್ನೆಗೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ. ಪ್ರತಿ ಸಲವೂ ಎರಡು ಸಾಲಿನಲ್ಲಿ ಮುಗಿಸಿದ್ದರಿಂದಲೇ ಅದು ಮತ್ತೆ ಮತ್ತೆ ಬರುತ್ತಿರಬೇಕು. ಆದ್ದರಿಂದ ಈ ಬಾರಿ ಲೆಕ್ಕವನ್ನು ಪೂರ್ತಿಯಾಗಿ ಬಿಡಿಸಿಡುತ್ತೇನೆ.

ಮೊದಲಿಗೆ, ಹೆಸರನ್ನು ‘ಕಜಾಲೆ’ ಎಂದು ಓದಬೇಕಾಗಿಲ್ಲ, ‘ಕಜಾಲ್’ ಎಂದರೆ ಸರಿ. ಜಾನ್ ಕಜಾಲ್ 1935ರ ಆಗಸ್ಟ್ 12ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ರಿವಿಯರ್ ಎಂಬ ಊರಿನಲ್ಲಿ ಹುಟ್ಟಿದರು, ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ರಂಗಕಲೆ ಕಲಿತರು, ಆಮೇಲೆ ನ್ಯೂಯಾರ್ಕಿಗೆ ಹೋಗಿ ನಾಟಕಗಳಲ್ಲಿ ನಟಿಸುತ್ತ, ಹೊಟ್ಟೆಪಾಡಿಗೆ ಬೇರೆ ಬೇರೆ ಕೆಲಸ ಮಾಡುತ್ತ ದಿನ ಕಳೆದರು. ಅವರು ನಟಿಸಿದ ಪೂರ್ಣ ಪ್ರಮಾಣದ ಕಥಾಚಿತ್ರಗಳು ಐದೇ ಎಂಬ ಮಾತು ಸರಿ. 1972ರ ‘ದ ಗಾಡ್‌ಫಾದರ್’, 1974ರ ‘ದ ಕಾನ್ವರ್ಸೇಷನ್’, ಅದೇ ವರ್ಷದ ‘ದ ಗಾಡ್‌ಫಾದರ್’ ಎರಡನೆಯ ಭಾಗ, 1975ರ ‘ಡಾಗ್ ಡೇ ಆಫ್ಟರ್‌ನೂನ್’ ಮತ್ತು 1978ರ ‘ದ ಡೀರ್ ಹಂಟರ್’. ಈ ಐದೂ ಅತ್ಯುತ್ತಮ ಚಿತ್ರ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡವು ಎಂಬುದೂ ಸರಿ. ತಪ್ಪಿರುವುದು ಅದರ ಮುಂದಿನ ಹೆಜ್ಜೆಯಲ್ಲಿ.

ಐದೂ ಚಿತ್ರಗಳು ಗೆದ್ದಿರಲು ಸಾಧ್ಯವಿಲ್ಲ ಎಂದು ತಿಳಿಯಲು ಯಾವ ದಾಖಲೆಯನ್ನೂ ತೆರೆಯಬೇಕಾಗಿಲ್ಲ, ಮೇಲಿನ ಇಸವಿಗಳನ್ನು ಇನ್ನೊಮ್ಮೆ ಓದಿದರೆ ಸಾಕು. ‘ದ ಕಾನ್ವರ್ಸೇಷನ್’ ಮತ್ತು ‘ಗಾಡ್‌ಫಾದರ್’ ಎರಡನೆಯ ಭಾಗ, ಎರಡೂ 1974ರ ಚಿತ್ರಗಳು. ಎರಡನ್ನೂ ನಿರ್ದೇಶಿಸಿದವರು ಫ್ರಾನ್ಸಿಸ್ ಫೋರ್ಡ್ ಕೊಪೊಲಾ. ಎರಡೂ ಅದೇ ವರ್ಷದ ಅದೇ ಪ್ರಶಸ್ತಿಗೆ ಸೆಣಸಿದವು. ಒಂದು ಗೆಲ್ಲಬೇಕಾದರೆ ಇನ್ನೊಂದು ಸೋಲಲೇಬೇಕು. ಗೆದ್ದದ್ದು ‘ಗಾಡ್‌ಫಾದರ್’. ‘ದ ಕಾನ್ವರ್ಸೇಷನ್’ ಮೂರು ನಾಮನಿರ್ದೇಶನ ಪಡೆದು ಒಂದೂ ಆಸ್ಕರ್ ಇಲ್ಲದೆ ಮರಳಿತು. ಆದ್ದರಿಂದ ‘ಐದಕ್ಕೂ ಯಾವುದಾದರೂ ಒಂದು ಆಸ್ಕರ್ ಬಂದಿತ್ತಲ್ಲ’ ಎಂದು ಮಾತನ್ನು ಸ್ವಲ್ಪ ಸಡಿಲಿಸಿದರೂ ಅದು ನಿಲ್ಲುವುದಿಲ್ಲ. ಆ ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಬಂತು, ಆದರೆ ಕಾನ್ ಬೇರೆ, ಆಸ್ಕರ್ ಬೇರೆ. ಮರುವರ್ಷ ‘ಡಾಗ್ ಡೇ ಆಫ್ಟರ್‌ನೂನ್’ ಸೋತದ್ದು ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಎದುರಿಗೆ. ಅದಕ್ಕೆ ದಕ್ಕಿದ್ದು ಮೂಲ ಚಿತ್ರಕಥೆಯ ಆಸ್ಕರ್ ಒಂದೇ. ಹೀಗೆ ಐದರಲ್ಲಿ ಅತ್ಯುತ್ತಮ ಚಿತ್ರ ಎನಿಸಿಕೊಂಡವು ಮೂರು: ಎರಡು ‘ಗಾಡ್‌ಫಾದರ್’ಗಳು ಮತ್ತು ‘ಡೀರ್ ಹಂಟರ್’.

ಈ ತಪ್ಪು ಹುಟ್ಟುವುದು ಎಲ್ಲಿ ಎಂಬುದು ನನಗೆ ಗೊತ್ತಿದೆ. ನಾವು ಮಾತಿನಲ್ಲಿ ‘ಆ ಸಿನಿಮಾ ಆಸ್ಕರ್‌ಗೆ ಹೋಗಿತ್ತು’ ಎನ್ನುತ್ತೇವೆ. ಹೋದದ್ದು ಗೆದ್ದು ಬಂತೇ ಎಂದು ಕೇಳುವವರು ಕಡಿಮೆ. ಒಬ್ಬರು ‘ಹೋಗಿತ್ತು’ ಎಂದದ್ದನ್ನು ಇನ್ನೊಬ್ಬರು ‘ಬಂದಿತ್ತು’ ಎಂದು ದಾಟಿಸುತ್ತಾರೆ, ಮೂರನೆಯವರು ಅದನ್ನು ಚಿತ್ರದಿಂದ ಎತ್ತಿ ನಟನ ತಲೆಯ ಮೇಲಿಡುತ್ತಾರೆ. ‘ಐದು ಆಸ್ಕರ್ ಗೆದ್ದ ನಟ’ ಎಂದು ಬರೆದು ಕಳಿಸಿದ ಓದುಗರೂ ಇದ್ದಾರೆ.

ಈ ಕೊನೆಯ ರೂಪವನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಅದು ನಿಜಸ್ಥಿತಿಯನ್ನು ಪೂರಾ ತಲೆಕೆಳಗು ಮಾಡುತ್ತದೆ. ಕಜಾಲ್ ಅವರಿಗೆ ಆಸ್ಕರ್ ಪ್ರಶಸ್ತಿ ಹಾಗಿರಲಿ, ಒಂದು ನಾಮನಿರ್ದೇಶನವೂ ಸಿಗಲಿಲ್ಲ. ಅವರ ಅಕ್ಕಪಕ್ಕದಲ್ಲಿ ನಿಂತವರಿಗೆಲ್ಲ ಸಿಕ್ಕಿತು. ಮೊದಲ ‘ಗಾಡ್‌ಫಾದರ್’ನಲ್ಲಿ ಫ್ರೆಡೊನ ತಂದೆಯಾದ ಮಾರ್ಲನ್ ಬ್ರ್ಯಾಂಡೊ, ತಮ್ಮನಾದ ಆಲ್ ಪಚಿನೊ, ಅಣ್ಣನಾದ ಜೇಮ್ಸ್ ಕಾನ್, ಸಾಕಣ್ಣನಾದ ರಾಬರ್ಟ್ ಡುವಾಲ್, ನಾಲ್ವರೂ ನಾಮನಿರ್ದೇಶನ ಪಡೆದರು; ಮನೆಯ ಗಂಡಸರಲ್ಲಿ ಬಿಟ್ಟುಹೋದವನು ಫ್ರೆಡೊ ಒಬ್ಬನೇ. ಎರಡನೆಯ ಭಾಗದಲ್ಲಿ ಪಚಿನೊ, ರಾಬರ್ಟ್ ಡಿ ನಿರೊ, ಮೈಕೆಲ್ ಗಾಜೊ, ಲೀ ಸ್ಟ್ರಾಸ್‌ಬರ್ಗ್, ತಂಗಿಯ ಪಾತ್ರದ ಟಾಲಿಯಾ ಶೈರ್, ಹೀಗೆ ಐವರು. ‘ಡಾಗ್ ಡೇ’ಯಲ್ಲಿ ಪಚಿನೊ ಮತ್ತು ಕ್ರಿಸ್ ಸರಂಡನ್. ‘ಡೀರ್ ಹಂಟರ್’ನಲ್ಲಿ ಡಿ ನಿರೊ, ಕ್ರಿಸ್ಟೊಫರ್ ವಾಕನ್, ಮೆರಿಲ್ ಸ್ಟ್ರೀಪ್. ನಟನೆಯ ವಿಭಾಗಗಳಲ್ಲಿ ಈ ಚಿತ್ರಗಳಿಗೆ ಬಂದ ನಾಮನಿರ್ದೇಶನಗಳು ಒಟ್ಟು 14. ಬ್ರ್ಯಾಂಡೊ, ಡಿ ನಿರೊ, ವಾಕನ್ ಪ್ರಶಸ್ತಿಯನ್ನೂ ಗೆದ್ದರು. ಆ ಹದಿನಾಲ್ಕರಲ್ಲಿ ಕಜಾಲ್ ಹೆಸರು ಇಲ್ಲ. ‘ಡಾಗ್ ಡೇ’ಗಾಗಿ ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ಒಮ್ಮೆ ನಾಮನಿರ್ದೇಶನಗೊಂಡದ್ದೇ ಸಿನಿಮಾ ಪ್ರಶಸ್ತಿಗಳ ಲೋಕ ಅವರಿಗೆ ತೋರಿದ ದೊಡ್ಡ ಮರ್ಯಾದೆ.

ಇಷ್ಟಾದರೂ ಐದಕ್ಕೆ ಐದು ನಾಮನಿರ್ದೇಶನ ಎಂಬ ದಾಖಲೆ ಸಣ್ಣದಲ್ಲ. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲಿ ಈಗಿನಂತೆ ಹತ್ತು ಜಾಗಗಳು ಆಗ ಇರಲಿಲ್ಲ, ಐದೇ ಇದ್ದವು. 1974ರಲ್ಲಿ ಆ ಐದರಲ್ಲಿ ಎರಡರಲ್ಲಿ ಕಜಾಲ್ ಇದ್ದರು. ನಿಜವಾದ ಸಂಗತಿಯೇ ಇಷ್ಟು ಎತ್ತರದ್ದಾಗಿರುವಾಗ ಅದರ ಮೇಲೆ ಸುಳ್ಳಿನ ಕಲಶ ಇಡುವ ಅಗತ್ಯವೇನಿದೆ?

ಹಾಗಾದರೆ ಅಂಥ ನಟನನ್ನು ನಾಮನಿರ್ದೇಶನದ ಹೊತ್ತಿನಲ್ಲಿ ಏಕೆ ಮರೆತರು ಎಂದು ನೀವು ಕೇಳಿಲ್ಲವಾದರೂ ಹೇಳಬೇಕೆನಿಸುತ್ತದೆ. ಕನ್ನಡದಲ್ಲಿ ಇಂಥವರನ್ನು ಪೋಷಕ ನಟ ಎನ್ನುತ್ತೇವೆ. ಬಳಸಿ ಬಳಸಿ ಸವೆದ ಪದವದು, ಆದರೆ ಅದರ ಮೂಲಾರ್ಥವನ್ನು ಒಮ್ಮೆ ನೆನೆದು ಕಜಾಲ್ ಅವರನ್ನು ನೋಡಿ: ಎದುರಿನ ಪಾತ್ರವನ್ನು ಪೋಷಿಸುವವನು, ತನ್ನ ದೌರ್ಬಲ್ಯವನ್ನು ಮುಂದಿಟ್ಟು ಇನ್ನೊಬ್ಬನ ಬಲವನ್ನು ಕಾಣಿಸುವವನು. ಮೊದಲ ‘ಗಾಡ್‌ಫಾದರ್’ನಲ್ಲಿ ತಂದೆ ಹಣ್ಣಿನಂಗಡಿಯ ಮುಂದೆ ಕಿತ್ತಳೆ ಕೊಳ್ಳುತ್ತಿರುವಾಗ ಗುಂಡಿನ ದಾಳಿಯಾಗುತ್ತದೆ. ಕಾರಿನ ಬಳಿ ಇದ್ದ ಫ್ರೆಡೊ ಪಿಸ್ತೂಲು ತೆಗೆಯಲು ತಡವರಿಸುತ್ತಾನೆ, ಅದು ಕೈಜಾರುತ್ತದೆ, ಹಂತಕರು ಓಡಿಹೋಗುತ್ತಾರೆ, ಅವನು ಬೀದಿಯಂಚಿನಲ್ಲಿ ಕುಸಿದು ಕುಳಿತು ಮಗುವಿನ ಹಾಗೆ ಅಳುತ್ತಾನೆ. ಮುಂದೆ ತಮ್ಮ ಮೈಕೆಲ್ (ಪಚಿನೊ ಪಾತ್ರ) ಕೈ ನಡುಗಿಸದೆ ಮಾಡುವ ಕೆಲಸಗಳೆಲ್ಲ ನಮಗೆ ಅಷ್ಟು ಭೀಕರವಾಗಿ ಕಾಣುವುದು ಆ ಜಾರಿದ ಪಿಸ್ತೂಲನ್ನು ನಾವು ಮೊದಲೇ ನೋಡಿರುವುದರಿಂದ.

ಎರಡನೆಯ ಭಾಗದಲ್ಲಿ ಸರೋವರದ ದಂಡೆಯ ಕೋಣೆಯೊಂದರಲ್ಲಿ ಅಣ್ಣ ತಮ್ಮಂದಿರು ಎದುರಾಗುತ್ತಾರೆ. ಹೊರಗೆ ಹಿಮ ಬಿದ್ದಿದೆ. ಫ್ರೆಡೊ ಹಿಂದಕ್ಕೆ ವಾಲಿದ ಒರಗು ಕುರ್ಚಿಯಲ್ಲಿದ್ದಾನೆ. ಮೈಕೆಲ್ ನೆಟ್ಟಗೆ ನಿಂತಿದ್ದಾನೆ. ಹಿರಿಯನಾದ ತನ್ನನ್ನು ಬದಿಗೆ ಸರಿಸಿ ಎಲ್ಲವನ್ನೂ ಕಿರಿಯನ ಕೈಗೆ ಕೊಟ್ಟರು ಎಂಬ ವರ್ಷಗಳ ಸಿಟ್ಟು ಅವನ ಬಾಯಿಂದ ಸಿಡಿಯುತ್ತದೆ, ಆದರೆ ಕುರ್ಚಿ ಅವನನ್ನು ಏಳಗೊಡುವುದಿಲ್ಲ. ಮೈ ಮುಂದಕ್ಕೆ ಬರುತ್ತದೆ, ಮತ್ತೆ ಹಿಂದಕ್ಕೆ ಬೀಳುತ್ತದೆ, ಕೈಗಳು ಗಾಳಿಯಲ್ಲಿ ಬಡಿದಾಡುತ್ತವೆ. ಮಲಗಿದ ಭಂಗಿಯಲ್ಲಿ ಕೋಪವನ್ನು ಅಭಿನಯಿಸುವುದು ಎಷ್ಟು ಕಷ್ಟವೆಂದು ರಂಗದ ಮೇಲೆ ನಿಂತವರನ್ನು ಕೇಳಿ. ಅದೇ ವರ್ಷ ಪೋಷಕ ನಟ ವಿಭಾಗದಲ್ಲಿ ಇದೇ ಚಿತ್ರದ ಮೂವರ ಹೆಸರುಗಳಿದ್ದವು, ಈ ದೃಶ್ಯ ಮಾಡಿದವರ ಹೆಸರು ಇರಲಿಲ್ಲ. ನಟನೆಯ ನಾಮನಿರ್ದೇಶನಕ್ಕೆ ಮತ ಹಾಕುವವರು ನಟರೇ. ಅವರು ಇದನ್ನು ಕಾಣಲಿಲ್ಲ ಎಂಬುದು ನನಗೆ ಇಂದಿಗೂ ನುಂಗಲಾಗದ ತುತ್ತು.

‘ಐದೇ ಚಿತ್ರ’ ಎಂಬುದರಿಂದ ಅವರ ಬದುಕೆಲ್ಲ ಐದು ಚಿತ್ರಗಳಲ್ಲೇ ಮುಗಿಯಿತು ಎಂದೂ ತಿಳಿಯಬಾರದು. ಅವರು ಮೊದಲಿಗೂ ಕೊನೆಗೂ ರಂಗಭೂಮಿಯವರು. ಇಸ್ರೇಲ್ ಹೊರೊವಿಟ್ಜ್ ಬರೆದ ‘ಲೈನ್’ ನಾಟಕದಲ್ಲಿ ಅವರನ್ನು ನೋಡಿಯೇ ಚಿತ್ರಕ್ಕೆ ನಟರನ್ನು ಆರಿಸುತ್ತಿದ್ದ ಫ್ರೆಡ್ ರೂಸ್ ಎಂಬವರು ಫ್ರೆಡೊ ಪಾತ್ರಕ್ಕೆ ಅವರನ್ನು ಸೂಚಿಸಿದರು. 1976ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬಯಲು ರಂಗಮಂದಿರದಲ್ಲಿ ಶೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ಆಡಿದಾಗ ಅವರು ಆಂಜೆಲೊ, ಮೆರಿಲ್ ಸ್ಟ್ರೀಪ್ ಇಸಬೆಲಾ. ಅಲ್ಲಿಂದ ಇಬ್ಬರೂ ಜೊತೆಯಾಗಿ ಬಾಳಿದರು. ಮದುವೆಯಾಗಿರಲಿಲ್ಲ, ಇದನ್ನು ಕೇಳುವವರೂ ಬಹಳ. 1977ರಲ್ಲಿ ಕಜಾಲ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅದರ ನಡುವೆಯೇ ‘ಡೀರ್ ಹಂಟರ್’ ಚಿತ್ರೀಕರಣ ನಡೆಯಿತು, ಅವರ ದೃಶ್ಯಗಳನ್ನು ಮೊದಲೇ ಮುಗಿಸಿಕೊಂಡರು. ಬೇಟೆಗೆ ಹೊರಟು ಬೂಟು ಮರೆತು ಬಂದ ಸ್ಟ್ಯಾನ್, ಗೆಳೆಯನ ಬೂಟಿಗಾಗಿ ಅಂಗಲಾಚಿ, ಸಿಗದಾಗ ರೇಗುವ ದೃಶ್ಯದಲ್ಲಿ ಕಾಯಿಲೆಯ ಮನುಷ್ಯ ನಿಮಗೆ ಕಾಣುವುದಿಲ್ಲ, ಸ್ಟ್ಯಾನ್ ಮಾತ್ರ ಕಾಣುತ್ತಾನೆ. 1978ರ ಮಾರ್ಚ್‌ನಲ್ಲಿ, 42ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು; ಚಿತ್ರ ತೆರೆಗೆ ಬಂದದ್ದು ಆ ಡಿಸೆಂಬರ್‌ನಲ್ಲಿ.

ಅವರು ಗೆದ್ದ ಪ್ರಶಸ್ತಿ ಯಾವುದೂ ಇಲ್ಲವೇ ಎಂದರೆ, ಇದೆ. ಅದರಲ್ಲಿ ನಮಗೂ ಒಂದು ಸಣ್ಣ ನಂಟಿದೆ, ಯಾವ ವಿಡಿಯೊದವರೂ ಅದನ್ನು ಹೇಳುವುದಿಲ್ಲ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿ ಕಾಗದಪತ್ರ ಹೊತ್ತು ತಲುಪಿಸುವ ಕೆಲಸ ಮಾಡುತ್ತಿದ್ದಾಗ ಕಜಾಲ್ ಅವರಿಗೆ ಅದೇ ಕೆಲಸದಲ್ಲಿದ್ದ ಇನ್ನೊಬ್ಬ ಹುಡುಗನ ಪರಿಚಯವಾಯಿತು. ಆತ ಆಲ್ ಪಚಿನೊ. 1968ರಲ್ಲಿ ಇಬ್ಬರೂ ಹೊರೊವಿಟ್ಜ್ ಅವರ ‘ದಿ ಇಂಡಿಯನ್ ವಾಂಟ್ಸ್ ದ ಬ್ರಾಂಕ್ಸ್’ ನಾಟಕದಲ್ಲಿ ಎದುರುಬದುರಾದರು. ಅದರಲ್ಲಿ ಕಜಾಲ್ ಅವರ ಪಾತ್ರದ ಹೆಸರು ಗುಪ್ತ. ಭಾರತದಿಂದ ಬಂದು, ಮಗನ ಮನೆ ಹುಡುಕುತ್ತ ನ್ಯೂಯಾರ್ಕಿನ ಬಸ್ ನಿಲ್ದಾಣದಲ್ಲಿ ದಾರಿ ತಪ್ಪಿ ನಿಂತ, ಇಂಗ್ಲಿಷ್ ಬಾರದೆ ಹಿಂದಿಯಲ್ಲೇ ಮಾತಾಡುವ ಅಪ್ಪ. ಇಬ್ಬರು ಪಡ್ಡೆ ಹುಡುಗರು ಅವನನ್ನು ಮೊದಲು ಗೇಲಿ ಮಾಡುತ್ತಾರೆ, ಆಮೇಲೆ ಹಿಂಸಿಸುತ್ತಾರೆ, ಅವರಲ್ಲೊಬ್ಬ ಪಚಿನೊ. ಆ ಪಾತ್ರವನ್ನು ಇಂದಾದರೆ ಭಾರತೀಯನೊಬ್ಬನಿಗೆ ಕೊಡುತ್ತಿದ್ದರು, ಕೊಡಬೇಕಾದದ್ದೂ ಹೌದು. ಆದರೆ ಸುತ್ತಲಿನವರಿಗೆ ತನ್ನ ಮಾತು ಅರ್ಥವಾಗದ ಮನುಷ್ಯನನ್ನು ಅಭಿನಯಿಸಿ ಕಜಾಲ್ ನ್ಯೂಯಾರ್ಕಿನ ರಂಗಭೂಮಿಗೆ ಕೊಡುವ ಓಬಿ ಪ್ರಶಸ್ತಿ ಗೆದ್ದರು, ಎದುರಿದ್ದ ಪಚಿನೊ ಕೂಡ ಗೆದ್ದರು. ನಟನೆಯ ಬಗ್ಗೆ ಬೇರೆ ಯಾರಿಂದಲೂ ಕಲಿಯದಷ್ಟನ್ನು ಜಾನ್‌ನಿಂದ ಕಲಿತೆ ಎಂದು ಪಚಿನೊ ಮುಂದೆ ಹೇಳಿಕೊಂಡಿದ್ದಾರೆ.

‘ಡಾಗ್ ಡೇ’ಗೆ ಸಾಲ್ ಪಾತ್ರ ಹುಡುಕುವಾಗ ಕಜಾಲ್ ಹೆಸರನ್ನು ಒತ್ತಿ ಹೇಳಿದವರು ಪಚಿನೊ ಅವರೇ. ನಿಜವಾಗಿ ನಡೆದ ಬ್ಯಾಂಕ್ ದರೋಡೆಯೊಂದನ್ನು ಆಧರಿಸಿದ ಚಿತ್ರವದು; ನಿಜಜೀವನದ ಸಾಲ್ 18ರ ಹುಡುಗ, ಕಜಾಲ್ ನಲವತ್ತರ ಹತ್ತಿರ ಇದ್ದವರು. ನಿರ್ದೇಶಕ ಸಿಡ್ನಿ ಲುಮೆಟ್ ಅನುಮಾನಿಸಿದ್ದು ಸಹಜ, ಆಮೇಲೆ ಒಪ್ಪಿದರು. ಬ್ಯಾಂಕ್ ದರೋಡೆ ಕೆಟ್ಟು, ಪೊಲೀಸರು ಸುತ್ತುವರಿದು, ವಿಮಾನ ಹತ್ತಿ ದೇಶ ಬಿಡುವ ಮಾತು ಬಂದಾಗ ಜೊತೆ ದರೋಡೆಕೋರ ಸನ್ನಿಯ ಪಾತ್ರದ ಪಚಿನೊ ಕೇಳುತ್ತಾರೆ, ನಿನಗೆ ಯಾವ ದೇಶಕ್ಕೆ ಹೋಗುವ ಆಸೆಯಿದೆ ಎಂದು. ಸಾಲ್ ಗಂಭೀರವಾಗಿ ಯೋಚಿಸಿ ‘ವಯೋಮಿಂಗ್’ ಎನ್ನುತ್ತಾನೆ. ಅದು ಅಮೆರಿಕದೊಳಗಿನದೇ ಒಂದು ರಾಜ್ಯ. ಆ ಉತ್ತರ ಚಿತ್ರಕಥೆಯಲ್ಲಿ ಇರಲಿಲ್ಲ, ಕಜಾಲ್ ಅಲ್ಲೇ ಹೇಳಿದ್ದು. ಪಚಿನೊ ನಗಲಿಲ್ಲ, ಪಾತ್ರ ಬಿಡಲಿಲ್ಲ, ವಯೋಮಿಂಗ್ ದೇಶವಲ್ಲ ಎಂದು ಮೆಲ್ಲನೆ ತಿಳಿಹೇಳಿ ಮಾತು ಮುಂದುವರಿಸಿದರು.