ಸೈನಸ್‌ನ ಸಿಸ್ಟ್ ಕಣ್ಣಿಗೆ ಯಾವಾಗ ಕುತ್ತು?

ತಲೆನೋವಿಗೆಂದು ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಕೆಲವರು ವರದಿ ಹಿಡಿದುಕೊಂಡು ಕಣ್ಣಿನ ವೈದ್ಯರ ಬಳಿಗೂ ಬರುತ್ತಾರೆ. ವರದಿಯ ಕೊನೆಗೊಂದು ಸಾಲು ಇರುತ್ತದೆ: ಕೆನ್ನೆಯ ಸೈನಸ್‌ನಲ್ಲಿ ರಿಟೆನ್ಷನ್ ಸಿಸ್ಟ್. ಅದನ್ನು ಮೊಬೈಲ್‌ನಲ್ಲಿ ಹುಡುಕಿ ಓದಿ, ರಾತ್ರಿ ನಿದ್ದೆಗೆಟ್ಟು, ‘ಇದರಿಂದ ಕಣ್ಣೇ ಹೋಗಬಹುದಂತೆ, ನಿಜವೇ ಡಾಕ್ಟರೇ?’ ಎಂದು ಕೇಳುತ್ತಾರೆ. ಈ ಸಿಸ್ಟ್‌ನ ಮಟ್ಟಿಗೆ ಉತ್ತರ ಇಲ್ಲ ಎಂದೇ. ಸೈನಸ್ ಎಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಗೂಡು. ಅದರ ಒಳಪೊರೆಯಲ್ಲಿರುವ ಸಣ್ಣ ಲೋಳೆಗ್ರಂಥಿಯೊಂದರ ಬಾಯಿ ಕಟ್ಟಿಕೊಂಡು ಉಬ್ಬಿರುವ ಗುಳ್ಳೆಯೇ ಈ ಸಿಸ್ಟ್. ಅದರ ಸುತ್ತ ಗಾಳಿ ಆಡುತ್ತಿರುತ್ತದೆ, ಮೂಳೆಗೆ ಏನೂ ಆಗಿರುವುದಿಲ್ಲ. ಎಷ್ಟೋ ಜನರಲ್ಲಿ ಅದು ಇರುವುದೇ ಗೊತ್ತಾಗುವುದಿಲ್ಲ, ಕೆಲವರಲ್ಲಿ ತಾನಾಗಿಯೇ ಕುಗ್ಗಿಹೋಗುತ್ತದೆ.

ನಾವು ಅಂಜುವುದು ಮ್ಯೂಕೋಸೀಲ್ ಎಂಬುದಕ್ಕೆ. ಇಲ್ಲಿ ಕಟ್ಟಿಕೊಳ್ಳುವುದು ಗ್ರಂಥಿಯ ಬಾಯಲ್ಲ, ಇಡೀ ಸೈನಸ್‌ನ ಬಾಯಿ. ಸೈನಸ್‌ನ ಒಳಪೊರೆ ದಿನವಿಡೀ ಲೋಳೆ ಸ್ರವಿಸುತ್ತದೆ, ಸೂಕ್ಷ್ಮ ರೋಮಗಳು ಅದನ್ನು ಸಣ್ಣ ಕಿಂಡಿಯತ್ತ ತಳ್ಳಿ ಮೂಗಿಗೆ ಸಾಗಿಸುತ್ತವೆ. ಹಳೆಯ ಸೋಂಕು, ಮೂಗಿನ ದುರ್ಮಾಂಸ, ಮುಖಕ್ಕೆ ಬಿದ್ದ ಪೆಟ್ಟು, ಹಿಂದೆ ಆದ ಸೈನಸ್ ಶಸ್ತ್ರಚಿಕಿತ್ಸೆ, ಅಪರೂಪಕ್ಕೆ ಮೂಳೆಯ ಗಡ್ಡೆ, ಇವುಗಳಲ್ಲಿ ಯಾವುದಾದರೊಂದು ಆ ಕಿಂಡಿಯನ್ನು ಮುಚ್ಚಿದರೂ ಸ್ರಾವ ಮಾತ್ರ ನಿಲ್ಲುವುದಿಲ್ಲ. ಗಾಳಿ ಇದ್ದ ಜಾಗವನ್ನೆಲ್ಲ ಲೋಳೆ ತುಂಬುತ್ತದೆ, ವರ್ಷಗಳ ಕಾಲ ನಿಧಾನವಾಗಿ ಹಿಗ್ಗುತ್ತದೆ. ಒತ್ತಡ ಒಂದು ಕಡೆ, ಉರಿಯೂತಗೊಂಡ ಪೊರೆ ಬಿಡುಗಡೆ ಮಾಡುವ ರಾಸಾಯನಿಕಗಳು ಇನ್ನೊಂದು ಕಡೆ. ಎರಡೂ ಸೇರಿ ಗೋಡೆಯ ಮೂಳೆಯನ್ನು ಸವೆಸುತ್ತವೆ. ಇದು ಕ್ಯಾನ್ಸರ್ ಅಲ್ಲ, ಆದರೂ ಅಕ್ಕಪಕ್ಕದ ಜಾಗವನ್ನು ಒತ್ತರಿಸಿಕೊಳ್ಳುವುದರಲ್ಲಿ ಗಡ್ಡೆಗೇನೂ ಕಡಿಮೆಯಿಲ್ಲ. ಆ ಅಕ್ಕಪಕ್ಕದಲ್ಲಿ ಕಣ್ಣುಗೂಡೂ ಇದೆ.

ಮ್ಯೂಕೋಸೀಲ್ ಹೆಚ್ಚಾಗಿ ಆಗುವುದು ಹಣೆಯ ಸೈನಸ್‌ನಲ್ಲಿ, ನಂತರದ ಸ್ಥಾನ ಮೂಗು ಮತ್ತು ಕಣ್ಣಿನ ನಡುವಿನ ಎಥ್ಮಾಯ್ಡ್ ಸೈನಸ್‌ನದು. ಹಣೆಯದು ಬೆಳೆದಾಗ ಕಣ್ಣುಗುಡ್ಡೆ ಕೆಳಕ್ಕೂ ಹೊರಕ್ಕೂ ಸರಿಯುತ್ತದೆ. ಎಥ್ಮಾಯ್ಡ್‌ನದು ಅದನ್ನು ಕಿವಿಯ ಕಡೆಗೆ ದೂಡುತ್ತದೆ. ರೆಪ್ಪೆಯ ಒಳಮೂಲೆಯ ಮೇಲೆ ನೋವಿಲ್ಲದ ಊತ, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣಲ್ಲಿ ನೀರು ಸುರಿಯುವುದು ಇದರ ಲಕ್ಷಣಗಳು. ಬದಲಾವಣೆ ಎಷ್ಟು ನಿಧಾನವೆಂದರೆ ಮನೆಯವರ ಗಮನಕ್ಕೂ ಬಂದಿರುವುದಿಲ್ಲ. ಹಾಗಾಗಿ ಇಂಥವರ ಹಳೆಯ ಫೋಟೊಗಳನ್ನು ಕೇಳಿ ಪಡೆಯುವುದು ನನ್ನ ಅಭ್ಯಾಸ. ಐದು ವರ್ಷ ಹಿಂದಿನ ಮದುವೆಯ ಫೋಟೊವೊಂದನ್ನು ದೊಡ್ಡದು ಮಾಡಿ ಎರಡು ಪಾಪೆಗಳ ಮಟ್ಟ ನೋಡಿದರೆ, ಕಣ್ಣು ಯಾವಾಗಿನಿಂದ ಇಳಿಯುತ್ತಿದೆ ಎಂಬುದು ಎಷ್ಟೋ ಸಲ ತಿಳಿದುಬಿಡುತ್ತದೆ. ಇದರ ತದ್ವಿರುದ್ಧವೂ ಉಂಟು: ಕೆನ್ನೆಯ ಸೈನಸ್‌ನ ಬಾಯಿ ಮುಚ್ಚಿ ಒಳಗಿನ ಗಾಳಿ ಹೀರಿಹೋದರೆ, ಆ ಸೆಳೆತಕ್ಕೆ ಕಣ್ಣುಗೂಡಿನ ನೆಲವೇ ಕುಸಿದು ಕಣ್ಣು ಒಳಸೇರುತ್ತದೆ.

ಇವೆಲ್ಲ ಮುಖದ ಮೇಲೆ ಕಾಣುವ ಕಾಯಿಲೆಗಳು. ತಡವಾಗಿಯಾದರೂ ಯಾರಾದರೂ ಗುರುತಿಸುತ್ತಾರೆ. ಸ್ಫೀನಾಯ್ಡ್ ಸೈನಸ್‌ನದು ಹಾಗಲ್ಲ. ಅದು ತಲೆಬುರುಡೆಯ ನಡುಮಧ್ಯದಲ್ಲಿ, ಮೂಗಿನ ಒಳಭಾಗ ಹಿಂದಕ್ಕೆ ಹೋಗಿ ಮುಗಿಯುವಲ್ಲಿ ಅಡಗಿದೆ. ಅಲ್ಲಿ ಮ್ಯೂಕೋಸೀಲ್ ಆಗುವುದು ಅಪರೂಪವೇ. ಆದರೆ ಆದಾಗ ಕಣ್ಣು ಮುಂದಕ್ಕೆ ಬರಲೇಬೇಕೆಂದಿಲ್ಲ, ಮೂಗು ಕಟ್ಟಲೇಬೇಕೆಂದೂ ಇಲ್ಲ. ದೃಷ್ಟಿನರ ಕಣ್ಣುಗೂಡಿನಿಂದ ಮಿದುಳಿಗೆ ಹೋಗುವಾಗ ಸುಮಾರು 1 ಸೆಂಟಿಮೀಟರ್ ಉದ್ದದ ಮೂಳೆಯ ಕಾಲುವೆಯೊಂದನ್ನು ದಾಟುತ್ತದೆ. ಆ ಕಾಲುವೆಗೆ ಸ್ಫೀನಾಯ್ಡ್ ಸೈನಸ್ಸೇ ಪಕ್ಕದ ಮನೆ, ನಡುವಿನ ಗೋಡೆ ಕಾಗದದಷ್ಟು ತೆಳು. ಕೆಲವರಲ್ಲಿ ಆ ಗೋಡೆಯೂ ಇರುವುದಿಲ್ಲ, ಬರೀ ಪೊರೆ. ಇನ್ನು ಕೆಲವರಲ್ಲಿ ಎಥ್ಮಾಯ್ಡ್‌ನ ಹಿಂದಿನ ಕೋಶವೊಂದು ಸ್ಫೀನಾಯ್ಡ್‌ನ ಮೇಲೆ ಚಾಚಿಕೊಂಡು ನರವನ್ನು ಬಳಸಿರುತ್ತದೆ. ಹಂಗೇರಿಯ ಕಂಠ–ನಾಸಿಕ ತಜ್ಞ ಒನೋಡಿಯ ಹೆಸರಿನಿಂದ ಅದನ್ನು ಒನೋಡಿ ಕೋಶ ಎನ್ನುತ್ತೇವೆ. ಅಂಥ ಕೋಶದಲ್ಲಿ ಲೋಳೆ ತುಂಬಿದರೆ ಚಿಕ್ಕ ಗಾತ್ರದ್ದೇ ಸಾಕು. ಮೂಳೆಯ ಕಾಲುವೆಯೊಳಗೆ ನರಕ್ಕೆ ಅತ್ತಿತ್ತ ಸರಿದುಕೊಳ್ಳಲು ಜಾಗವಿಲ್ಲ. ಒತ್ತಡಕ್ಕೆ ಅದರ ರಕ್ತಸಂಚಾರ ಕುಂದುತ್ತದೆ, ತಂತುಗಳು ಸೊರಗುತ್ತವೆ. ಸುಮಾರು 10–12 ಲಕ್ಷ ತಂತುಗಳಿರುವ ಈ ನರ ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ.

ಇಂಥ ರೋಗಿ ಬರುವುದು ಬಹುತೇಕ ಕನ್ನಡಕ ಬದಲಾಯಿಸಿಕೊಳ್ಳಲು. ‘ಒಂದು ಕಣ್ಣು ಮಂಜು, ಕಣ್ಣಿನ ಹಿಂದೆ ಅದೇನೋ ಆಳದ ನೋವು’ ಎನ್ನುತ್ತಾರೆ. ಕಣ್ಣು ಬೆಳ್ಳಗಿದೆ, ಪೊರೆ ಬಂದಿಲ್ಲ, ಅಕ್ಷಿಪಟಲ ಸರಿಯಿದೆ, ನರದ ತುದಿಯೂ ಆರಂಭದಲ್ಲಿ ಸಹಜವಾಗಿಯೇ ಕಾಣುತ್ತದೆ. ರೋಗಿಗೂ ಏನೂ ಕಾಣದು, ವೈದ್ಯರಿಗೂ ಏನೂ ಕಾಣದು ಎಂಬ ಹಳೆಯ ನಗೆಮಾತು ನಮ್ಮ ವೃತ್ತಿಯಲ್ಲಿದೆ. ಆಗ ಕೈಹಿಡಿಯುವುದು ದುಬಾರಿ ಯಂತ್ರಗಳಲ್ಲ, ಒಂದು ಟಾರ್ಚು ಮತ್ತು ಮೇಜಿನ ಮೇಲಿರುವ ಔಷಧದ ಬಾಟಲಿ. ಪಾಪೆ ಹಿಗ್ಗಿಸುವ ಹನಿಯ ಬಾಟಲಿಗೆ ಕೆಂಪು ಮುಚ್ಚಳ ಇರುತ್ತದೆ. ಅದನ್ನು ಒಂದೊಂದೇ ಕಣ್ಣಿನ ಮುಂದೆ ಹಿಡಿದು ಬಣ್ಣ ಹೇಗಿದೆ ಎಂದು ಕೇಳುತ್ತೇನೆ. ನರ ಬಳಲಿದ ಕಣ್ಣಿಗೆ ಅದೇ ಕೆಂಪು ಮಾಸಿದ ಇಟ್ಟಿಗೆಯ ಬಣ್ಣವಾಗಿ ತೋರುತ್ತದೆ, ಅಕ್ಷರಗಳ ಫಲಕದ ಕೊನೆಯ ಸಾಲನ್ನು ಓದಬಲ್ಲವರಿಗೂ. ಆಮೇಲೆ ಕೋಣೆ ಕತ್ತಲು ಮಾಡಿ, ದೂರಕ್ಕೆ ದೃಷ್ಟಿ ನೆಡಲು ಹೇಳಿ, ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಆಡಿಸುತ್ತೇನೆ. ಒಳ್ಳೆಯ ಕಣ್ಣಿಗೆ ಬೆಳಕು ಬಿದ್ದಾಗ ಎರಡೂ ಪಾಪೆಗಳು ಕುಗ್ಗುತ್ತವೆ. ಬೆಳಕು ಕಾಯಿಲೆಯ ಕಣ್ಣಿಗೆ ಸರಿದ ಕೂಡಲೇ, ಕುಗ್ಗಿಯೇ ಇರಬೇಕಾದ ಪಾಪೆ ಹಿಗ್ಗುತ್ತದೆ. ಅದು ಕಂಡಿತೆಂದರೆ ಕನ್ನಡಕದ ಮಾತು ಅಲ್ಲಿಗೆ ಬಿಟ್ಟು ಸ್ಕ್ಯಾನ್ ಬರೆಯಬೇಕು. ಎರಡೂ ನರಗಳು ಸಮನಾಗಿ ಕೆಟ್ಟಿದ್ದರೆ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ.

ಈ ಹಂತದಲ್ಲಿ ರೋಗವನ್ನು ಆಪ್ಟಿಕ್ ನ್ಯೂರೈಟಿಸ್, ಅಂದರೆ ನರದ ಉರಿಯೂತ ಎಂದುಕೊಳ್ಳುವುದು ಸುಲಭ. ಅದಕ್ಕೆ ಸ್ಟೀರಾಯ್ಡ್ ಕೊಡುವುದು ರೂಢಿ. ಕೊಟ್ಟರೆ ಮ್ಯೂಕೋಸೀಲ್‌ನ ಸುತ್ತಲಿನ ಊತ ತಾತ್ಕಾಲಿಕವಾಗಿ ಇಳಿದು ದೃಷ್ಟಿ ಸ್ವಲ್ಪ ಮರಳಬಹುದು. ರೋಗಿಯೂ ಖುಷಿ, ವೈದ್ಯರೂ ಖುಷಿ. ಔಷಧ ಇಳಿಸುತ್ತಿದ್ದಂತೆ ಮತ್ತೆ ಮಂಜು. ಸ್ಟೀರಾಯ್ಡ್‌ಗೆ ಸ್ಪಂದಿಸಿತು ಎಂಬುದನ್ನು ರೋಗನಿರ್ಣಯದ ಸಾಕ್ಷಿಯಾಗಿ ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ. ಅದೇ ಜಾಗದಲ್ಲಿ ಶಿಲೀಂಧ್ರದ ಸೋಂಕು ಇದ್ದರಂತೂ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಸ್ಟೀರಾಯ್ಡ್ ಪ್ರಾಣಕ್ಕೇ ಎರವಾಗಬಹುದು.

ಸ್ಕ್ಯಾನ್‌ನಲ್ಲೂ ಒಂದು ಮೋಸವಿದೆ. ಲೋಳೆ ನೀರಾಗಿದ್ದಾಗ ಎಂ.ಆರ್.ಐ.ಯಲ್ಲಿ ಒಂದು ಬಗೆಯಾಗಿ, ಪ್ರೋಟೀನ್ ಗಟ್ಟಿಯಾದಂತೆ ಇನ್ನೊಂದು ಬಗೆಯಾಗಿ ಕಾಣುತ್ತದೆ. ತೀರಾ ಒಣಗಿ ಗಟ್ಟಿಯಾದ ಲೋಳೆ ಕಪ್ಪಗೆ ಮೂಡಿ, ಗಾಳಿ ತುಂಬಿದ ಆರೋಗ್ಯವಂತ ಸೈನಸ್‌ನಂತೆಯೇ ತೋರಬಹುದು. ಮೂಳೆ ಸವೆದಿದೆಯೇ ಎಂಬುದನ್ನು ಸಿ.ಟಿ. ಚೆನ್ನಾಗಿ ಹೇಳುತ್ತದೆ. ಸಂಶಯ ಬಲವಾಗಿದ್ದರೆ ಎರಡೂ ಬೇಕು. ‘ದೃಷ್ಟಿನರದ ಕಾಲುವೆ ಮತ್ತು ಸ್ಫೀನಾಯ್ಡ್ ನೋಡಿ’ ಎಂದು ವಿಕಿರಣ ತಜ್ಞರಿಗೆ ಒಂದು ಸಾಲು ಬರೆದು ಕಳುಹಿಸುವುದರಿಂದ ಆಗುವ ಲಾಭ ದೊಡ್ಡದು.

ಚಿಕಿತ್ಸೆ ಕಿವಿ–ಮೂಗು–ಗಂಟಲು ತಜ್ಞರದು. ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿ ಚೀಲದ ಗೋಡೆಯನ್ನು ಅಗಲವಾಗಿ ತೆರೆದು, ಲೋಳೆ ಮೂಗಿಗೆ ಹರಿಯುವಂತೆ ಬಿಡುತ್ತಾರೆ. ಒಳಪೊರೆಯನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಅದು ನರಕ್ಕೋ ಮಿದುಳಿನ ಹೊದಿಕೆಗೋ ಅಂಟಿರಬಹುದಾದ ಕಾರಣ ಕೀಳಲು ಹೋದರೆ ಹಾನಿಯೇ ಹೆಚ್ಚು. ದೃಷ್ಟಿ ಎಷ್ಟು ಮರಳುತ್ತದೆ ಎಂಬುದು ಶಸ್ತ್ರಚಿಕಿತ್ಸೆಗೆ ಮುಂಚೆ ಎಷ್ಟು ಉಳಿದಿತ್ತು, ಎಷ್ಟು ಬೇಗ ಒತ್ತಡ ಇಳಿಸಿದರು ಎಂಬುದನ್ನು ಅವಲಂಬಿಸಿದೆ. ಬೆಳಕೂ ಗೊತ್ತಾಗದ ಸ್ಥಿತಿಗೆ ತಲುಪಿದ್ದರೆ ಆಸೆ ಕಡಿಮೆ. ಒಳಗೆ ಕೀವಾಗಿದ್ದರೆ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ದೃಷ್ಟಿ ಕುಸಿಯಬಹುದು, ಅಂಥವರನ್ನು ನಾಳೆ ಬನ್ನಿ ಎಂದು ಕಳುಹಿಸುವಂತಿಲ್ಲ. ಮಂಜಿನ ಜೊತೆ ಒಂದು ವಸ್ತು ಎರಡಾಗಿ ಕಂಡರೆ ಅಥವಾ ರೆಪ್ಪೆ ಇಳಿಬಿದ್ದರೆ, ಕಣ್ಣನ್ನು ಆಡಿಸುವ ನರಗಳೂ ಸಿಕ್ಕಿಕೊಂಡಿವೆ ಎಂದರ್ಥ, ಅದೂ ತುರ್ತೇ.

ಮ್ಯೂಕೋಸೀಲ್ ಮರಳಿ ಬರಬಹುದಾದ್ದರಿಂದ ವರ್ಷಗಳ ಕಾಲ ತಪಾಸಣೆ ಬೇಕು. ಸೈನಸ್ ಶಸ್ತ್ರಚಿಕಿತ್ಸೆಯಾಗಿಯೋ ಮುಖಕ್ಕೆ ಪೆಟ್ಟುಬಿದ್ದೋ 10–20 ವರ್ಷ ಕಳೆದ ಮೇಲೂ ಇದು ಹೊಸದಾಗಿ ತಲೆಯೆತ್ತುವುದುಂಟು. ಕಣ್ಣಿನ ವೈದ್ಯರು ಮೂಗಿನ ಇತಿಹಾಸ ಕೇಳದಿದ್ದರೆ ನೀವಾಗಿಯೇ ಹೇಳಿ. ಹಳೆಯ ಡಿಸ್ಚಾರ್ಜ್ ಚೀಟಿ, ಹಳೆಯ ಸ್ಕ್ಯಾನ್ ಮನೆಯಲ್ಲಿದ್ದರೆ ಅವನ್ನೂ ತನ್ನಿ.