ಕೊನೆಯ ಕಂತು ಕಟ್ಟಿ ಆಯಿತು, ಜಾಗದ ಪತ್ರ ಎಲ್ಲಿ?

ಓದುಗರ ಪ್ರಶ್ನೆ: 2009ರಲ್ಲಿ ಬಿಡಿಎಸ್‌ಗೆ ಸೇರುವಾಗ ಎಂಟೂವರೆ ಲಕ್ಷ ಶಿಕ್ಷಣ ಸಾಲ ತೆಗೆದಿದ್ದೆ. ಉಡುಪಿ ಹತ್ತಿರದ ನಮ್ಮ ಮನೆ ಜಾಗದ ಪತ್ರ ಅಪ್ಪ ಬ್ಯಾಂಕಿಗೆ ಕೊಟ್ಟಿದ್ದರು. ಮಾವ ಜಾಮೀನು ಹಾಕಿದ್ದರು. ಕಳೆದ ತಿಂಗಳು ಕೊನೆಯ ಕಂತು ಹೋಯಿತು. ಬ್ಯಾಂಕಿನಿಂದ ಒಂದು ಮೆಸೇಜು ಕೂಡ ಇಲ್ಲ. ಪತ್ರ ಯಾವಾಗ ಬರ್ತದೆ ಅಂತ ಅಮ್ಮ ದಿನಾ ಕೇಳ್ತಾರೆ. ಅವರೇ ಕಳಿಸ್ತಾರಾ, ಇಲ್ಲ ನಾವು ಎಂತಾದರೂ ಮಾಡಬೇಕಾ?

ಉತ್ತರ: ನೀವೇ ಹೋಗಬೇಕು. ಅಪ್ಪನನ್ನೂ ಕರೆದುಕೊಂಡು ಹೋಗಬೇಕು. ಆದರೆ ಹೊರಡುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ನೀವು ಕೊನೆಯದು ಅಂದುಕೊಂಡ ಕಂತು ಬ್ಯಾಂಕಿನ ಲೆಕ್ಕದಲ್ಲೂ ಕೊನೆಯದೇ ಆಗಿದೆಯಾ?

ಇದನ್ನು ಕೇಳುವುದಕ್ಕೆ ಕಾರಣ ಉಂಟು. ನನ್ನ ಸಾಲ 2004ರದ್ದು, ನಾಲ್ಕು ಲಕ್ಷ, ಇಂಜಿನಿಯರಿಂಗ್‌ಗೆ. 2016ರ ಮಳೆಗಾಲದಲ್ಲಿ ಎಂಬತ್ತನಾಲ್ಕನೇ ಕಂತು ಹೋದ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಮರುವರ್ಷ ಮಂಗಳೂರಿನಲ್ಲಿ ಫ್ಲಾಟಿಗೆ ಸಾಲ ಕೇಳಲು ಬೇರೊಂದು ಬ್ಯಾಂಕಿಗೆ ಹೋದೆ. ಅಲ್ಲಿಯ ಹುಡುಗ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿ, "ಸಾರ್, ಇಲ್ಲಿ ನಿಮ್ಮದೊಂದು ಎಜುಕೇಶನ್ ಲೋನ್ ಬಾಕಿ ತೋರಿಸ್ತಾ ಉಂಟಲ್ಲ, ಓವರ್‌ಡ್ಯೂ" ಅಂದ. ಬಾಕಿ ಎಷ್ಟು? 347 ರೂಪಾಯಿ. ಹಳೇ ಬ್ರಾಂಚಿಗೆ ಓಡಿದೆ. ಕೌಂಟರಿನಲ್ಲಿದ್ದವರು ಚಲನ್ ನೋಡಿ, ನನ್ನ ಮುಖ ನೋಡಿ, "ಇಷ್ಟಕ್ಕೆ ಬಂದದ್ದಾ ಮಾರಾಯ್ರೆ?" ಅಂದರು. ಅಷ್ಟಕ್ಕೇ ಬಂದದ್ದು. ಆ 347 ರೂಪಾಯಿಯಿಂದಾಗಿ ಫ್ಲಾಟಿನ ಸಾಲ ಎರಡು ತಿಂಗಳು ಮುಂದೆ ಹೋಗಿತ್ತು.

ಆ ಬಾಕಿ ಹುಟ್ಟಿದ್ದು ಎಲ್ಲಿಂದ? ಸಾಲ ಕೊಡುವಾಗ ಬ್ಯಾಂಕ್ ಹಾಕಿಕೊಡುವ ಕಂತಿನ ಪಟ್ಟಿ ಅವತ್ತಿನ ಬಡ್ಡಿ ದರ ಹಿಡಿದು ಮಾಡಿದ ಅಂದಾಜು ಮಾತ್ರ. ಹೆಚ್ಚಿನ ಶಿಕ್ಷಣ ಸಾಲಗಳ ಬಡ್ಡಿ ಫ್ಲೋಟಿಂಗ್, ಅಂದರೆ ಆಗಾಗ ಏರಿಳಿಯುವಂಥದ್ದು. ದರ ಏರಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತನ್ನು ಹಾಗೇ ಇಟ್ಟು ಅವಧಿಯನ್ನು ಮುಂದಕ್ಕೆ ಎಳೆಯುತ್ತವೆ. ಸಂಬಳ ತಡವಾಗಿ ಬಂದು ಕಂತು ನಾಲ್ಕು ದಿನ ತಪ್ಪಿದರೆ ಆ ನಾಲ್ಕು ದಿನದ ಬಡ್ಡಿಯೂ ಸೇರುತ್ತದೆ. ನಿಮ್ಮ ಸಾಲದ ಮಧ್ಯದಲ್ಲಿ ಕೊರೊನಾ ಬೇರೆ ಬಂದು ಹೋಗಿದೆ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಆರು ತಿಂಗಳು ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಕಂತು ನಿಂತರೂ ಬಡ್ಡಿ ನಿಂತಿರಲಿಲ್ಲ. ನೀವು ಆಗ ಕಂತು ನಿಲ್ಲಿಸಿದ್ದರೆ, ಹಳೇ ಪಟ್ಟಿಯ ಕೊನೆಯ ತಾರೀಕಿಗೆ ಈಗ ಅರ್ಥವೇ ಇಲ್ಲ.

ಓದುವ ಕಾಲದ ಬಡ್ಡಿಯನ್ನೂ ಹೆಚ್ಚಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ವರ್ಷ ವರ್ಷಕ್ಕೊಂದು ಲಕ್ಷದಂತೆ ತೆಗೆದಿರಿ, ಬಡ್ಡಿ ಶೇ. 12 ಅಂತ ಇಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದ ಬಳಿಕ ಕಂತು ಶುರು. ಈ ಅವಧಿಗೆ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ್ದು 60,000, ಎರಡನೆಯದಕ್ಕೆ 48,000, ಆಮೇಲೆ 36,000, ಕೊನೆಯದಕ್ಕೆ 24,000. ಒಟ್ಟು 1,68,000. ನಡುವೆ ಬಡ್ಡಿ ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರಿ, ಕಂತು ಶುರುವಾಗುವ ದಿನ ನಾಲ್ಕು ಲಕ್ಷದ ಸಾಲ 5,68,000 ಆಗಿರುತ್ತದೆ. ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 10,000. ಮೊದಲ ಕಂತಿನಲ್ಲಿ 5,680 ಬಡ್ಡಿಗೇ ಹೋಗುತ್ತದೆ. ನನ್ನದು ಹೆಚ್ಚುಕಡಿಮೆ ಇದೇ ಲೆಕ್ಕ. ಆಗಿನ ನನ್ನ ಸಂಬಳ 18,000. "ನಾಲ್ಕು ಲಕ್ಷ ಯಾವಾಗಲೋ ಕಟ್ಟಿ ಆಗಿದೆಯಲ್ಲ" ಅಂತ ಅಪ್ಪ ಕೇಳಿದಾಗೆಲ್ಲ ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು ತೋರಿಸುತ್ತಿದ್ದೆ. ಅವರು ಒಪ್ಪಿದ್ದೇ ಇಲ್ಲ.

ನನ್ನ ಉಳಿಕೆ ಬಾಕಿಯನ್ನು ಬ್ಯಾಂಕ್ ತಾನಾಗಿ ಎಳೆದುಕೊಳ್ಳಲಿಲ್ಲ ಯಾಕೆ ಅಂದರೆ, ಖಾತೆಯಿಂದ ಹಣ ತೆಗೆಯಲು ನಾನು ಕೊಟ್ಟ ಒಪ್ಪಿಗೆಯ ಅವಧಿ ಎಂಬತ್ತನಾಲ್ಕನೇ ಕಂತಿಗೇ ಮುಗಿದಿತ್ತು. ಬಾಕಿ ಅಲ್ಲೇ ಕೂತು ಬೆಳೆಯಿತು. ಬಾಕಿಯ ಬಗ್ಗೆ ಬ್ಯಾಂಕಿನ ನೋಟೀಸು ಬಂದಿದ್ದರೂ ನಾನು ಬಿಟ್ಟುಹೋದ ಬಾಡಿಗೆ ಮನೆಯ ವಿಳಾಸಕ್ಕೆ ಬಂದಿರಬೇಕು.

ಹಾಗಾಗಿ ಮೊದಲ ಕೆಲಸ: ಬ್ರಾಂಚಿಗೆ ಹೋಗಿ, ಸಾಲ ಮುಚ್ಚಲು ಇವತ್ತಿಗೆ ಎಷ್ಟು ಕಟ್ಟಬೇಕು ಅಂತ ಕೇಳಿ. "ಬಾಕಿ ಎಷ್ಟಿದೆ" ಅಂದರೆ ಪರದೆಯಲ್ಲಿರುವ ಸಂಖ್ಯೆ ಹೇಳಿಬಿಡುತ್ತಾರೆ. ಅದರಲ್ಲಿ ಈ ತಿಂಗಳು ಇಲ್ಲಿಯವರೆಗೆ ಓಡಿದ ಬಡ್ಡಿ ಸೇರಿರುವುದಿಲ್ಲ. ಬಡ್ಡಿ ದಿನದ ಲೆಕ್ಕದಲ್ಲಿ ಓಡಿ ತಿಂಗಳ ಕೊನೆಗೆ ಖಾತೆಗೆ ಬೀಳುತ್ತದೆ. ಮುಚ್ಚುವ ಮೊತ್ತ ಕೇಳಿ ಅವತ್ತೇ ಕಟ್ಟಿ. ನಾಳೆ ಬರುತ್ತೇನೆ ಅಂದರೆ ನಾಳೆಗೆ ಇನ್ನೊಂದು ಲೆಕ್ಕ. ಸೊನ್ನೆ ಆದ ಮೇಲೆ, ಸಾಲದ ಖಾತೆ ಮುಚ್ಚಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅದರ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೊನ್ನೆ ಬಾಕಿಯ ಖಾತೆ ತೆರೆದೇ ಉಳಿಯುವುದು ಅಪರೂಪವೇನಲ್ಲ. (ಅವಧಿಗೆ ಮೊದಲೇ ತೀರಿಸುವವರು ಕೇಳುತ್ತಾರೆ, ದಂಡ ಇದೆಯಾ ಅಂತ. ವ್ಯಕ್ತಿಗಳ ಫ್ಲೋಟಿಂಗ್ ದರದ ಇಂಥ ಸಾಲಕ್ಕೆ ಬ್ಯಾಂಕುಗಳು ದಂಡ ಹಾಕುವಂತಿಲ್ಲ. 2014ರಿಂದಲೇ ಈ ನಿಯಮ ಉಂಟು.)

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡವು ಕೇಳುವಂತಿಲ್ಲ. ಅದರ ಮೇಲೆ ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಜಾಮೀನು, ಏಳೂವರೆ ದಾಟಿದರೆ ಆಸ್ತಿ. ನಿಮ್ಮದು ಎಂಟೂವರೆ, ಆದ್ದರಿಂದ ಪತ್ರ ಹೋಗಿದೆ. ಇದನ್ನು ವಾಪಸು ಕೊಡುವ ವಿಷಯದಲ್ಲಿ ಈಗ ನಿಯಮ ನಿಮ್ಮ ಕಡೆಗಿದೆ. 2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶದ ಪ್ರಕಾರ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಬಿಟ್ಟುಕೊಡಬೇಕು, ಜಾಗದ ಮೇಲೆ ನೋಂದಣಿಯಾದ ಋಣವನ್ನೂ (ಬ್ಯಾಂಕಿನ ಹಕ್ಕಿನ ದಾಖಲೆ) ತೆಗೆಸಬೇಕು. ಅದೇ ವರ್ಷದ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಪತ್ರ ಕಳೆದುಹೋಗಿದ್ದರೆ ನಕಲು ಮಾಡಿಸಲು ನೆರವಾಗಿ ಅದರ ಖರ್ಚನ್ನೂ ಬ್ಯಾಂಕೇ ಹೊರಬೇಕು. ಆಗ ಅದಕ್ಕೆ ಇನ್ನೂ 30 ದಿನ ಸಿಗುತ್ತದೆ, ದಂಡದ ಲೆಕ್ಕ ಶುರುವಾಗುವುದು 60 ದಿನದ ಮೇಲೆ.

ಮೂವತ್ತು ದಿನ ಎಣಿಸುವುದು ಸಾಲ ಪೂರ್ತಿ ತೀರಿದ ದಿನದಿಂದ ಅನ್ನುವುದನ್ನು ಗಮನಿಸಿ. 347 ರೂಪಾಯಿ ಉಳಿದಿದ್ದರೆ ಎಣಿಕೆ ಶುರುವೇ ಆಗಿರುವುದಿಲ್ಲ.

ಪತ್ರ ಕೊಟ್ಟದ್ದು ಅಪ್ಪ, ಹಾಗಾಗಿ ತೆಗೆದುಕೊಳ್ಳಲೂ ಅವರೇ ಗುರುತಿನ ಚೀಟಿ ಹಿಡಿದು ಬರಬೇಕು. ಸಾಲ ನಡೆದ ಬ್ರಾಂಚಿನಲ್ಲೋ, ಪತ್ರ ಇಟ್ಟಿರುವ ಕಚೇರಿಯಲ್ಲೋ, ಎಲ್ಲಿ ಬೇಕು ಅಂತ ನೀವು ಹೇಳಬಹುದು. ಜಾಗದ ಯಜಮಾನರು ತೀರಿಹೋಗಿರುವ ಮನೆಗಳಲ್ಲಿ ವಾರಸುದಾರರ ದಾಖಲೆಗಳನ್ನು ಕೊಡಬೇಕಾಗುತ್ತದೆ. ಅದರ ಕ್ರಮವನ್ನು ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಹಾಕಿರಬೇಕು ಎನ್ನುತ್ತದೆ ಅದೇ ಆದೇಶ.

ಕೈಗೆ ಬಂದ ಕೂಡಲೇ ಚೀಲಕ್ಕೆ ಹಾಕಿಕೊಂಡು ಹೊರಡಬೇಡಿ. ಸಾಲ ಕೊಡುವಾಗ ಯಾವ ಯಾವ ದಾಖಲೆ ತೆಗೆದುಕೊಂಡರು ಅಂತ ಒಂದು ಪಟ್ಟಿ ಮಾಡಿರುತ್ತಾರೆ. ಅಲ್ಲೇ ಬೆಂಚಿನ ಮೇಲೆ ಕೂತು ಹಾಳೆ ಹಾಳೆ ತಾಳೆ ನೋಡಿ. ನನ್ನ ಚಿಕ್ಕಪ್ಪನ ಮಗಳ ಸಾಲ ತೀರಿದಾಗ ನಾನೂ ಹೋಗಿದ್ದೆ. ಕಂದು ಬಣ್ಣದ ಫೈಲು, ಮಧ್ಯೆ ಬಿಳಿ ದಾರ. ದಾರ ಬಿಚ್ಚಿದರೆ ಮೇಲೆಯೇ ಎರಡು ಜಡೆಯ ಹುಡುಗಿಯ ಪಾಸ್‌ಪೋರ್ಟ್ ಫೋಟೋ, ಪಿನ್ನು ತುಕ್ಕು ಹಿಡಿದು ಹಣೆಯ ಮೇಲೆ ಬೊಟ್ಟಿಟ್ಟ ಹಾಗೆ ಕಲೆ. ಕೆಳಗೆ ಕ್ರಯಪತ್ರ, ನಮ್ಮ ಕಡೆಯ ಹದಿನಾರು ಮಳೆಗಾಲ ಕಂಡು ಅಂಚು ಮೆತ್ತಗಾಗಿತ್ತು. ಪಟ್ಟಿಯಲ್ಲಿ ಏಳು ದಾಖಲೆ, ಫೈಲಿನಲ್ಲಿ ಆರು. ಏಳನೆಯದು, ಹಿಂದಿನ ಯಜಮಾನರ ಮೂಲ ಪತ್ರ, ಬೇರೊಬ್ಬರ ಫೈಲಿನೊಳಗೆ ಸಿಕ್ಕಿತು. ಹುಡುಕಲು ಮುಕ್ಕಾಲು ಗಂಟೆ. ಮನೆಗೆ ಬಂದ ಮೇಲೆ ಗೊತ್ತಾಗಿದ್ದರೆ? ಎಲ್ಲವೂ ಸಿಕ್ಕಿದೆ ಅಂತ ನಾವು ಸಹಿ ಹಾಕಿ ಕೊಟ್ಟಾಗಿರುತ್ತಿತ್ತು.

ಜಾಗದ ಪತ್ರ ಬಿಟ್ಟು ಬೇರೇನು ಕೊಟ್ಟಿದ್ದಿರಿ ಅಂತಲೂ ನೆನಪು ಮಾಡಿಕೊಳ್ಳಿ. ಹಳೇ ಸಾಲಗಳಿಗೆ ಖಾಲಿ ಚೆಕ್ಕು ಪಡೆದಿರಬಹುದು, ಎಲ್‌ಐಸಿ ಪಾಲಿಸಿಯನ್ನು ಬ್ಯಾಂಕಿನ ಹೆಸರಿಗೆ ವರ್ಗ ಮಾಡಿಸಿಕೊಂಡಿರಬಹುದು. ಪಾಲಿಸಿಯನ್ನು ಮತ್ತೆ ನಿಮ್ಮ ಹೆಸರಿಗೆ ಮಾಡಿಸಬೇಕು, ಬಾಂಡು ಕೈಗೆ ಬಂದ ಮಾತ್ರಕ್ಕೆ ಆಗಲಿಲ್ಲ.

ಪತ್ರ ಬಂತು, ಋಣ ಹೋಯಿತಾ? ಆರ್‌ಟಿಸಿ (ಪಹಣಿ) ತೆಗೆದು 11ನೇ ಕಾಲಂ ನೋಡಿ. ಹಕ್ಕು ಮತ್ತು ಋಣಗಳನ್ನು ಬರೆಯುವ ಜಾಗ ಅದು. ಬ್ಯಾಂಕಿನ ಹೆಸರು ಅಲ್ಲಿದ್ದರೆ, ಬ್ಯಾಂಕಿನ ಪತ್ರ ಕೊಟ್ಟು ತೆಗೆಸಬೇಕು. ಅಡವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಬಿಡುಗಡೆಯೂ ಅಲ್ಲೇ ನೋಂದಣಿ ಆಗಬೇಕು. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಹೊಸ ಇಸಿ (ಜಾಗದ ಮೇಲಿನ ಋಣ ತೋರಿಸುವ ಪ್ರಮಾಣಪತ್ರ) ತೆಗೆದು ನೋಡಿದರೆ ತಿಳಿಯುತ್ತದೆ. ಜಾಗ ಮಾರುವ ಅಂದಾಜು ಇಲ್ಲ, ಯಾಕೆ ಇಷ್ಟೆಲ್ಲ ಅನ್ನಬೇಡಿ. ನಾಳೆ ಪಾಲು ಮಾಡುವ ದಿನ ಅಣ್ಣತಮ್ಮಂದಿರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುತ್ತದೆ.

2009ರ ಸಾಲ ಅಂದದ್ದರಿಂದ ಇನ್ನೊಂದು ಮಾತು. ನಮ್ಮ ಜಿಲ್ಲೆಗಳು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಹಾಗಾಗಿ ಬೋರ್ಡು ಬದಲಾದದ್ದೂ ನಮ್ಮಲ್ಲೇ ಹೆಚ್ಚು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋದವು. ಇವತ್ತಿಗೂ ರಿಕ್ಷಾದವರಿಗೆ "ವಿಜಯಾ ಬ್ಯಾಂಕಿನ ಹತ್ತಿರ ನಿಲ್ಲಿಸಿ" ಅನ್ನುತ್ತೇವೆ, ಅವರೂ ಸರಿಯಾಗಿ ನಿಲ್ಲಿಸುತ್ತಾರೆ. ಕಂದಾಯ ಇಲಾಖೆಗೆ ಈ ಸಲಿಗೆ ನಡೆಯುವುದಿಲ್ಲ. ನಿಮ್ಮದು ಹೀಗೆ ವಿಲೀನವಾದ ಬ್ಯಾಂಕಿನ ಸಾಲವಾಗಿದ್ದರೆ ಆರ್‌ಟಿಸಿಯಲ್ಲಿ ಹಳೇ ಬ್ಯಾಂಕಿನ ಹೆಸರು, ನಿಮ್ಮ ಕೈಯಲ್ಲಿ ಹೊಸ ಬ್ಯಾಂಕಿನ ಪತ್ರ. ಸಾಲ ಬಾಕಿ ಇಲ್ಲ ಅಂತ ಬ್ಯಾಂಕ್ ಕೊಡುವ ನೋ ಡ್ಯೂ ಸರ್ಟಿಫಿಕೇಟಿನಲ್ಲಿ ಹಳೇ ಬ್ಯಾಂಕಿನ ಹೆಸರು, ಹಳೇ ಮತ್ತು ಹೊಸ ಸಾಲದ ನಂಬರು, ಸಾಲ ಮುಚ್ಚಿದ ತಾರೀಕು, ಜಾಗದ ಸರ್ವೆ ನಂಬರು ಎಲ್ಲ ಬರುವ ಹಾಗೆ ಕೇಳಿ ಬರೆಸಿಕೊಳ್ಳಿ. ಎರಡು ಸಾಲಿನ ಅಚ್ಚು ಹಾಕಿದ ಪತ್ರ ಕೊಟ್ಟು ಕಳಿಸಲು ನೋಡಿದರೆ ಒಪ್ಪಬೇಡಿ.

ತೆರಿಗೆಯದ್ದು ಚಿಕ್ಕ ವಿಷಯ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದು ಕಟ್ಟಲು ಶುರು ಮಾಡಿದಲ್ಲಿಂದ ಎಂಟು ವರ್ಷ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ನಿಮ್ಮ ಎಂಟು ವರ್ಷ ಮುಗಿದಿರಬೇಕು. ಮುಗಿಯದವರು ಖಾತೆ ಮುಚ್ಚುವ ದಿನವೇ ಈ ವರ್ಷದ ಬಡ್ಡಿಯ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ.

ಒಂದೆರಡು ತಿಂಗಳು ಬಿಟ್ಟು ನಿಮ್ಮ ಸಾಲಗಳ ಚರಿತ್ರೆ ತೋರಿಸುವ ಸಿಬಿಲ್ ವರದಿ ತೆಗೆಯಿರಿ, ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಅಲ್ಲಿ "ಕ್ಲೋಸ್ಡ್" ಅಂತ ಇರಬೇಕು. "ಸೆಟಲ್ಡ್" ಅಂತ ಇದ್ದರೆ ಅದು ಬೇರೆಯೇ ಮಾತು. ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದವರಿಗೆ ಹಾಕುವ ಶಬ್ದ ಅದು, ಮುಂದೆ ಸಾಲ ಕೊಡುವವರು ಅದನ್ನು ಕಂಡರೆ ಹಿಂದೆ ಸರಿಯುತ್ತಾರೆ. ತಪ್ಪಿದ್ದರೆ ದೂರು ಕೊಡಿ, 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮವೂ ಉಂಟು. ಅಪ್ಪನ ಮತ್ತು ಮಾವನ ವರದಿಯನ್ನೂ ನೋಡಿಸಿ. ಜೊತೆಗೆ ಸಾಲ ತೆಗೆದವರ, ಜಾಮೀನು ಹಾಕಿದವರ ಹೆಸರಿನಲ್ಲೂ ಈ ಸಾಲ ಕೂತಿರುತ್ತದೆ. ಇಷ್ಟು ವರ್ಷ ಮಾವ ಬೇರೆ ಸಾಲಕ್ಕೆ ಹೋದಾಗೆಲ್ಲ ನಿಮ್ಮ ಎಂಟೂವರೆ ಲಕ್ಷವೂ ಅವರ ಲೆಕ್ಕಕ್ಕೆ ಬಂದಿರಬಹುದು, ಅವರು ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ. ನೋ ಡ್ಯೂ ಸರ್ಟಿಫಿಕೇಟಿನ ಒಂದು ಪ್ರತಿ ಅವರಿಗೂ ಕೊಡಿ, ವಾಟ್ಸಾಪಿನಲ್ಲಿ ಬೇಡ, ಮನೆಗೇ ಹೋಗಿ ಕೊಡಿ.

ಬ್ಯಾಂಕಿನವರು ಇವತ್ತು ನಾಳೆ ಅಂತ ಓಡಾಡಿಸಿದರೆ ಮ್ಯಾನೇಜರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. 30 ದಿನ ಕಳೆದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಹಾಕಬಹುದು, ಖರ್ಚಿಲ್ಲ, ವಕೀಲರೂ ಬೇಡ. ಆದರೆ ಹೆಚ್ಚಿನ ಸಲ ಅಲ್ಲಿವರೆಗೆ ಹೋಗಬೇಕಾಗುವುದಿಲ್ಲ. ಅರ್ಜಿಯಲ್ಲಿ ಆ ಸೆಪ್ಟೆಂಬರ್ 13ರ ಆದೇಶವನ್ನೂ 5,000 ರೂಪಾಯಿಯ ಸಂಗತಿಯನ್ನೂ ಒಂದು ಸಾಲಿನಲ್ಲಿ ಬರೆದುಬಿಡಿ, ಫೈಲು ಬೇಗ ಸಿಗುತ್ತದೆ.

ಹೋಗುವಾಗ ಒಂದು ದಪ್ಪ ಪ್ಲಾಸ್ಟಿಕ್ ಕವರು ತೆಗೆದುಕೊಂಡು ಹೋಗಿ. ಮಳೆ ಬಂದರೆ ಅಮ್ಮ ನಿಮ್ಮನ್ನು ಸುಮ್ಮನೆ ಬಿಡಲಿಕ್ಕಿಲ್ಲ.